ಮೂರು ವರ್ಷದ ಮಗಳ ಹೆಸರಲ್ಲಿ ಕಲಬುರಗಿಯಲ್ಲಿ ಪ್ಲಾಟ್ ತಗೋಬಹುದಾ?

ಮಗಳಿಗೆ ಮೂರು ವರ್ಷ, ಕೈಯಲ್ಲಿ ಹನ್ನೆರಡು ಲಕ್ಷ ಇದೆ, ಸೇಡಂ ರಸ್ತೆ ಕಡೆ ಅವಳ ಹೆಸರಿಗೇ ಒಂದು ಪ್ಲಾಟ್ ರಿಜಿಸ್ಟರ್ ಮಾಡಿಸಿದರೆ ಹೇಗೆ ಅಂತ ಕೇಳಿದ್ದೀರಿ. ಪ್ಲಾಟ್ ತಗೊಳ್ಳಿ, ಆದರೆ ಮಗಳ ಹೆಸರಲ್ಲಿ ಬೇಡ. ನೀವು ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ ಮಾಡಿಸಿ. ನಾವು ನಿಮ್ಮ ಹಾಗೇ ಯೋಚನೆ ಮಾಡಿದವರು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

2011ರಲ್ಲಿ ನಮ್ಮ ಮಗಳಿಗೆ ನಾಲ್ಕು ವರ್ಷ. ನಮ್ಮ ಯಜಮಾನರು ರಿಂಗ್ ರೋಡಿನ ಆಚೆ ಮೂವತ್ತು-ನಲವತ್ತರ ಒಂದು ಪ್ಲಾಟ್ ಅವಳ ಹೆಸರಿಗೇ ಬರೆಸಿದರು. ಎರಡು ಲಕ್ಷ ನಲವತ್ತು ಸಾವಿರ ಆಗಿತ್ತು. ನಮ್ಮ ಉಳಿತಾಯ ಎಲ್ಲಾ ಅದೇ. ಪತ್ರದಲ್ಲಿ ಮಗಳು ಮೈನರ್, ಪಾಲಕರು ತಂದೆ ಅಂತ ಇತ್ತು. ರಿಜಿಸ್ಟರ್ ಆದ ದಿನ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆವು.

2018ರಲ್ಲಿ ಯಜಮಾನರಿಗೆ ಹೃದಯದ ತೊಂದರೆ ಬಂತು. ಸೊಲ್ಲಾಪುರದಲ್ಲಿ ತೋರಿಸಿದೆವು, ಬೈಪಾಸ್ ಆಗಲೇಬೇಕು ಅಂದರು. ಪ್ಲಾಟಿಗೆ ಏಳು ಲಕ್ಷ ಕೊಡುವ ಗಿರಾಕಿ ಇದ್ದರು. ಕಾಗದ ಹಿಡಿದು ವಕೀಲರ ಹತ್ತಿರ ಹೋದರೆ ಅವರು ತಲೆ ಅಲ್ಲಾಡಿಸಿದರು. ನಮ್ಮದು ಹಿಂದೂ ಕುಟುಂಬ. 1956ರ ಅಪ್ರಾಪ್ತರ ಪಾಲಕತ್ವದ ಕಾಯ್ದೆಯ 8ನೇ ಕಲಂ ಪ್ರಕಾರ, ಮಗುವಿನ ಸ್ಥಿರಾಸ್ತಿಯನ್ನು ಅಪ್ಪ-ಅಮ್ಮನೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ದಾನ ಕೊಡುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಲೀಸ್ ಕೂಡ ಮಾಡುವಂತಿಲ್ಲ. ಕೋರ್ಟು ನೋಡುವುದು ಇದು ಮಗುವಿಗೆ ಅಗತ್ಯವಾ, ಮಗುವಿಗೆ ಲಾಭವಾ ಅನ್ನುವುದನ್ನು. ಅಪ್ಪನ ಆಪರೇಷನ್‌ಗೆ ಮಗಳ ಆಸ್ತಿ ಮಾರುತ್ತೇವೆ ಅಂತ ಅರ್ಜಿ ಹಾಕಿದರೆ ಏನಾಗುತ್ತೋ, ಎಷ್ಟು ತಿಂಗಳು ಹಿಡಿಯುತ್ತೋ! ಡಾಕ್ಟರು ಕೊಟ್ಟಿದ್ದು ಎರಡು ವಾರ. ಅನುಮತಿ ಇಲ್ಲದೆ ಕೊಂಡವರಿಗೂ ಕಷ್ಟ. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟ ರದ್ದು ಮಾಡಿಸಬಹುದು. ಗಿರಾಕಿ ಇದನ್ನು ಕೇಳಿ ಹಿಂದೆ ಸರಿದರು. ಅವರದು ತಪ್ಪಲ್ಲ.

ಆ ರಾತ್ರಿ ನನ್ನ ಬಂಗಾರ ಎಲ್ಲಾ ತೆಗೆದು ಎಣಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅದನ್ನು ಅಡ ಇಟ್ಟೆವು, ನಮ್ಮ ಅಣ್ಣ ಉಳಿದದ್ದು ಕೊಟ್ಟ. ಯಜಮಾನರು ಉಳಿದರು. ಮಗಳಿಗೆ ಅಪ್ಪ ಇರುವುದಕ್ಕಿಂತ ದೊಡ್ಡ ಲಾಭ ಯಾವುದು, ನೀವೇ ಹೇಳಿ. ಆದರೆ ಅದೇ ಹೊತ್ತಿಗೆ ಅವಳ ಪ್ಲಾಟ್ ಕೈಗೆ ಬರಲಿಲ್ಲ.

ಟ್ಯಾಕ್ಸ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಆಸ್ತಿಯಿಂದ ಬಾಡಿಗೆ ಬಂದರೂ, ಮಾರಿ ಲಾಭ ಆದರೂ, ಮಗುವಿಗೆ ಹದಿನೆಂಟು ತುಂಬುವ ತನಕ ತಂದೆ-ತಾಯಿಯಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೇ ಸೇರುತ್ತೆ.

ನಿಮ್ಮಿಬ್ಬರ ಹೆಸರಲ್ಲಿ ಇದ್ದರೆ ಮಗಳಿಗೆ ಮುಟ್ಟುವುದು ಹೇಗೆ ಅನ್ನಿಸಬಹುದು. ಒಂದು ವಿಲ್ ಬರೆದಿಡಿ, ಅದಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ. ವಿಲ್ ಇಲ್ಲದಿದ್ದರೆ ಗಂಡನ ಪಾಲಿನಲ್ಲಿ ಹೆಂಡತಿ, ಮಕ್ಕಳ ಜೊತೆ ಗಂಡನ ತಾಯಿಗೂ ಹಕ್ಕು ಬರುತ್ತೆ, ಆಮೇಲೆ ಮನಸ್ತಾಪ. ಮಗಳಿಗೆ ಹದಿನೆಂಟು ತುಂಬಿದ ಮೇಲೆ ದಾನಪತ್ರ ಮಾಡಿಕೊಡಬಹುದು. ನಮ್ಮ ರಾಜ್ಯದಲ್ಲಿ ಅಪ್ಪ-ಅಮ್ಮ ಮಕ್ಕಳಿಗೆ ಕೊಡುವ ದಾನಕ್ಕೆ ಪೂರ್ತಿ ಸ್ಟಾಂಪ್ ಡ್ಯೂಟಿ ಬೀಳಲ್ಲ.

ಹನ್ನೆರಡು ಲಕ್ಷ ಪೂರ್ತಿ ಮಣ್ಣಿಗೆ ಹಾಕಬೇಡಿ. ರಿಜಿಸ್ಟರ್ ಖರ್ಚೇ ದೊಡ್ಡದು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಸೇರಿ ಶೇ 7ರ ಮೇಲೆ ಹೋಗುತ್ತೆ. ಒಂದು ಭಾಗ ಸುಕನ್ಯಾ ಸಮೃದ್ಧಿಯಲ್ಲಿ ಇಡಿ. ಮಗಳಿಗೆ ಹತ್ತು ತುಂಬುವ ಮುಂಚೆ ಪೋಸ್ಟ್ ಆಫೀಸಿನಲ್ಲಿ ಖಾತೆ ತೆರೆಯಬೇಕು. ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದ ತನಕ ಕಟ್ಟಬಹುದು, ಬಡ್ಡಿಗೆ ತೆರಿಗೆ ಇಲ್ಲ. 2015ರಲ್ಲಿ ಯೋಜನೆ ಬಂದಾಗ ನಮ್ಮ ಮಗಳಿಗೆ ಎಂಟು ವರ್ಷ, ಆಗಲೇ ತೆರೆದೆವು. 2025ರಲ್ಲಿ ಅವಳಿಗೆ ಹದಿನೆಂಟು ತುಂಬಿತು. ಓದಿಗೆ ಅಂತ ಅರ್ಧದ ತನಕ ತೆಗೆಯಲು ಅವಕಾಶ ಇದೆ. ಕಾಲೇಜಿನ ಫೀಸು ಅದರಲ್ಲೇ ಕಟ್ಟಿದೆವು, ಪ್ಲಾಟ್ ಮಾರುವ ಮಾತೇ ಬರಲಿಲ್ಲ.

ಇನ್ನು ನೀವು ನೋಡಿರುವ ಸೇಡಂ ರಸ್ತೆ ಕಡೆಯ ಪ್ಲಾಟ್. 2019ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆ ತೊಗರಿ ಹೊಲದಲ್ಲೆಲ್ಲಾ ಬೋರ್ಡು ನಿಂತಿವೆ. ಎನ್‌ಎ ಆಗಿದೆ, ಅಂದರೆ ಹೊಲವನ್ನು ಕೃಷಿಯೇತರ ಜಾಗ ಅಂತ ಬದಲಿಸಿದೆ, ಅಂತ ಹೇಳಿದರೆ ಸಾಲದು. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯಾ, ಆ ಪ್ಲಾಟಿಗೇ ಇ-ಖಾತಾ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ಇದೆಯಾ ನೋಡಿ. ಪಹಣಿಯಲ್ಲಿ ಇನ್ನೂ ಹೊಲ ಅಂತಿದ್ದು ಗುಂಟೆ ಲೆಕ್ಕದಲ್ಲಿ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಆಸ್ತಿಯ ಮಾರಾಟ, ಅಡಮಾನಗಳನ್ನು ತೋರಿಸುವ ಇಸಿ (ಋಣಭಾರ ಪ್ರಮಾಣಪತ್ರ) ಮೂವತ್ತು ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ 2004ರ ಈಚಿನದು ಸಿಗುತ್ತೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ತಗೊಂಡ ಮೇಲೆ ಸುಮ್ನೆ ಬಿಡಬೇಡಿ. ಯಜಮಾನರ ಆಪರೇಷನ್ ಆದ ಮೇಲೆ ಎರಡು ವರ್ಷ ನಾವು ಆ ಕಡೆ ಹೋಗಲಿಲ್ಲ. ಹೋದಾಗ ಆಳೆತ್ತರ ಜಾಲಿ ಬೆಳೆದಿತ್ತು, ಒಂದು ಮೂಲೆಕಲ್ಲು ಇರಲೇ ಇಲ್ಲ. ಮತ್ತೆ ಅಳತೆ ಮಾಡಿಸಿ, ಸುತ್ತಲೂ ಶಹಾಬಾದ್ ಕಲ್ಲು ನಿಲ್ಲಿಸಿ ತಂತಿ ಕಟ್ಟಿಸಿದೆವು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ಇಟ್ಟಿಗೆ ಕಾಂಪೌಂಡ್ ಆದರೆ ಪಾಯ ಆಳಕ್ಕೆ ಹಾಕಿಸಬೇಕು, ಇಲ್ಲದಿದ್ದರೆ ಸೀಳು ಬಿಡುತ್ತೆ.

ನೀವು ನೋಡಿರುವ ಪ್ಲಾಟಿನ ಸರ್ವೆ ನಂಬರ್ ಕೇಳಿ ಇಟ್ಟುಕೊಳ್ಳಿ. ಮುಂಗಡ ಕೊಡುವ ಮುಂಚೆ ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಿ. ಅದರಲ್ಲಿ ಏನಾದರೂ ಅರ್ಥ ಆಗದಿದ್ದರೆ ಇಲ್ಲೇ ಕೇಳಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.