ವಯಸ್ಸಾದ ದಂಪತಿ ಮಿಷನರಿಗಳಾಗಿ ವಿದೇಶಕ್ಕೆ ಹೋದರೆ ದಿನವಿಡೀ ಏನು ಮಾಡುತ್ತಾರೆ?

ಮನೆ ಮನೆ ಬಾಗಿಲು ತಟ್ಟುತ್ತಾರೆ ಅಂದುಕೊಂಡಿದ್ದೀರಾ? ಅದು ಹೆಚ್ಚಾಗಿ ಯುವ ಮಿಷನರಿ ಹುಡುಗ-ಹುಡುಗಿಯರ ಕೆಲಸ. ಅಮೆರಿಕದ ಯೂಟಾದಲ್ಲಿ ಕೇಂದ್ರ ಕಚೇರಿ ಇರುವ ಮಾರ್ಮನ್ ಸಭೆ ಎಂಬ ಕ್ರೈಸ್ತ ಪಂಗಡದ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಎಷ್ಟೋ ದಂಪತಿಗಳು ನಿವೃತ್ತರಾದ ಮೇಲೆ ಹೀಗೆ ಹೊರಡುತ್ತಾರೆ, ಹೆಚ್ಚೆಂದರೆ 23 ತಿಂಗಳು. ಸಂಬಳ ಇಲ್ಲ. ಊಟ, ಬಾಡಿಗೆ ಬಹುಪಾಲು ಕೈಯಿಂದಲೇ.

ಎದೆಗೆ ಕಪ್ಪು ನೇಮ್‌ಪ್ಲೇಟ್ ಸಿಕ್ಕಿಸಿಕೊಂಡರೆ ಅಜ್ಜ 'ಎಲ್ಡರ್', ಅಜ್ಜಿ 'ಸಿಸ್ಟರ್'. ಜೊತೆಗೆ ಮನೆತನದ ಹೆಸರು ಅಷ್ಟೇ, ಮೊದಲ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ! ಮಿಷನ್ ಕಚೇರಿಗೆ ಹಾಕಿದರೆ ದಿನವೆಲ್ಲ ಗುಮಾಸ್ತಿಕೆ: ವೀಸಾ ಕಾಗದ, ಬಾಡಿಗೆ ಕರಾರು, ಕಾರಿನ ಲೆಕ್ಕ, ಹುಡುಗರಿಗೆ ಬಂದ ಪಾರ್ಸಲ್. ನಡುನಡುವೆ ಆ ಹುಡುಗರ ಬಾಡಿಗೆ ಮನೆಗಳ ತಪಾಸಣೆ. ನೀರಿನ ಫಿಲ್ಟರ್ ಸರಿ ಇದೆಯಾ, ಸಿಂಕ್‌ನಲ್ಲಿ ನಿನ್ನೆಯ ಪಾತ್ರೆ ಹಾಗೇ ಬಿದ್ದಿದೆಯಾ ಅಂತ ನೋಡಬೇಕು. ಹದಿನೆಂಟು, ಇಪ್ಪತ್ತರ ಹುಡುಗರು ಅಲ್ವಾ, ಬಿದ್ದೇ ಇರುತ್ತದೆ. ನನ್ನ ಪ್ರಕಾರ ಇವರ ಅರ್ಧ ಕೆಲಸ ಸುಮ್ನೆ ಅಜ್ಜ-ಅಜ್ಜಿಯಾಗಿ ಇರುವುದೇ.

ಇನ್ನು ಕೆಲವರು ಹಳೆಯ ಜನನ-ಮರಣ ದಾಖಲೆಗಳ ಫೋಟೊ ತೆಗೆಯುತ್ತಾರೆ, ಕುಡಿಯುವ ನೀರಿನಂಥ ನೆರವಿನ ಯೋಜನೆ ನೋಡಿಕೊಳ್ಳುತ್ತಾರೆ. ಭಾನುವಾರ ಎರಡು ಗಂಟೆ ಪ್ರಾರ್ಥನಾ ಸಭೆ. ಅಲ್ಲಿ ಸೇರುವ ಜನ ಕಡಿಮೆ ಇದ್ದರೆ ಪಿಯಾನೊ ನುಡಿಸುವುದೂ, ಪಾಠ ಹೇಳುವುದೂ ಇವರ ಪಾಲಿಗೇ ಬರಬಹುದು.

ಹುಡುಗರಿಗಿರುವಷ್ಟು ಕಟ್ಟುನಿಟ್ಟಿನ ವೇಳಾಪಟ್ಟಿ ಇವರಿಗಿಲ್ಲ. ಮೊಮ್ಮಕ್ಕಳಿಗೆ ಯಾವಾಗ ಬೇಕಾದರೂ ವಿಡಿಯೊ ಕಾಲ್ ಮಾಡಬಹುದು. ಆದರೆ ಬೆಂಗಳೂರಿನಲ್ಲೂ ಈ ಸಭೆಯ ಮಿಷನ್ ಇದೆ ನೋಡಿ, ಅಲ್ಲಿಗೆ ಬಂದವರು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಯೂಟಾದಲ್ಲಿ ಮೊಮ್ಮಕ್ಕಳು ಶಾಲೆಗೆ ಹೊರಡುತ್ತಿರುತ್ತಾರೆ.