ಹಿತ್ತಿಲ ಪ್ರಶ್ನೋತ್ತರ: ವೈಶಾಖದಲ್ಲಿ ಮೊಗ್ಗು ಬಿಡದ ಮಲ್ಲಿಗೆ

ಬಸವ ಜಯಂತಿಯ ಹೊತ್ತಿಗೆ ನಿಮ್ಮ ಅಂಗಳದಲ್ಲಿ ಏನೇನು ಅರಳಿದೆ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರಳಿದ ಹೂವಿನಷ್ಟೇ ಅರಳದ ಹೂವಿನ ಸುದ್ದಿಯೂ ಇತ್ತು. ಅವುಗಳಲ್ಲಿ ಮೂರನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ದುಂಡು ಮಲ್ಲಿಗೆಗೆ ನಾಲ್ಕು ವರ್ಷವಾಯಿತು. ದಿನಕ್ಕೆ ಎರಡು ಬಾರಿ ನೀರು ಹಾಕುತ್ತೇನೆ, ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತೇನೆ. ಗಿಡ ಸೊಂಪಾಗಿ ಹಬ್ಬಿ ಕಿಟಕಿಯನ್ನೇ ಮುಚ್ಚಿದೆ, ಮೊಗ್ಗು ಮಾತ್ರ ಬೆರಳೆಣಿಕೆಯಷ್ಟು. ಹೊಸ ಎಲೆಗಳು ಹಳದಿಯಾಗುತ್ತಿವೆ. ಎದುರು ಮನೆಯವರು ಗಿಡದ ಕಡೆ ತಿರುಗಿಯೂ ನೋಡುವುದಿಲ್ಲ, ಆದರೂ ಅವರ ಮನೆಯಲ್ಲಿ ಸಂಜೆಗೊಂದು ಬುಟ್ಟಿ ಹೂ! (ವಿಜಯಪುರ)

ಉತ್ತರ: ನಿಮ್ಮ ಗಿಡಕ್ಕೆ ಕೊರತೆಯೇನೂ ಆಗಿಲ್ಲ, ಆರೈಕೆ ಹೆಚ್ಚಾಗಿದೆ. ಎದುರು ಮನೆಯವರನ್ನು ಒಮ್ಮೆ ಕೇಳಿ ನೋಡಿ. ಚಳಿಗಾಲದಲ್ಲಿ ಅವರು ಗಿಡವನ್ನು ಕತ್ತರಿಸಿರಬೇಕು, ಇಲ್ಲವೇ ಆಡು ಮೇಯ್ದು ಹೋಗಿರಬೇಕು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಹೂವಿನ ಬೆಳೆಗಾರರು ನವೆಂಬರ್ ಕೊನೆಯಿಂದ ನೀರು ನಿಲ್ಲಿಸಿ, ಗಿಡ ಬಾಡಿ ಎಲೆ ಉದುರಿಸತೊಡಗಿದ ಮೇಲೆ ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಿ, ಅನಂತರ ಗೊಬ್ಬರ ಕೊಟ್ಟು ನೀರು ಹಾಯಿಸುತ್ತಾರೆ. ಆಗ ಹೊರಟ ಚಿಗುರೇ ಮಾರ್ಚ್‌ನಿಂದ ಮುಂದಕ್ಕೆ ಮೊಗ್ಗು ಕಟ್ಟುತ್ತದೆ. ವರ್ಷವಿಡೀ ನೀರು, ಮೇಲೊಂದಿಷ್ಟು ಯೂರಿಯಾ ಸಿಕ್ಕರೆ ಗಿಡ ಎಲೆಯನ್ನಷ್ಟೇ ಬೆಳೆಸುತ್ತ ಹೋಗುತ್ತದೆ.

ಈಗ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬುಡದವರೆಗೆ ಕತ್ತರಿಸುವ ಸಾಹಸ ಬೇಡ. ಪ್ರತಿ ಕೊಂಬೆಯ ತುದಿಯನ್ನು ನಾಲ್ಕು ಬೆರಳಿನಷ್ಟು ಚಿವುಟಿ, ಯೂರಿಯಾ ನಿಲ್ಲಿಸಿ, ಬುಡಕ್ಕೆ ಎರಡು ಬೊಗಸೆ ಎರೆಹುಳು ಗೊಬ್ಬರ ಹಾಕಿ. ನಿಮ್ಮದು ಎರೆಮಣ್ಣು, ಮೇಲ್ಭಾಗ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿಟ್ಟುಕೊಂಡಿರುತ್ತದೆ. ನೀರು ಹಾಕುವ ಮೊದಲು ಕುರ್ಪಿಯಿಂದ ಗೇಣುದ್ದ ಅಗೆದು, ಅಲ್ಲಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿ ಬೆರಳಿಗೆ ಮೆತ್ತಿಕೊಂಡರೆ ಆ ದಿನ ನೀರು ಬೇಡ. ನೆಲದಲ್ಲಿರುವ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಸಂಜೆ ಹಾಕಿದರೆ ಸಾಕಾಗುತ್ತದೆ. ನಾನೂ ಮೊದಲ ವರ್ಷ ಬಿಸಿಲಿಗೆ ಹೆದರಿ ಹೊತ್ತುಹೊತ್ತಿಗೆ ನೀರು ಸುರಿದು, ಬೇರು ಕೊಳೆಸಿ, ಎರಡು ಗಿಡ ಕಳೆದುಕೊಂಡವನೇ.

ಹಳದಿ ಎಲೆಯನ್ನು ಬೆಳಕಿಗೆ ಹಿಡಿಯಿರಿ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗವಷ್ಟೇ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ಎರೆಮಣ್ಣು, ಅದರ ಮೇಲೆ ಸವುಳು ಬೋರ್‌ವೆಲ್ ನೀರು ಎರಡೂ ಸೇರಿದರೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಕರಗಿಸಿ, ನಾಲ್ಕು ಹನಿ ಲಿಂಬೆರಸ ಹಿಂಡಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಿ. ಹತ್ತು ದಿನದ ನಂತರ ಇನ್ನೊಮ್ಮೆ. ತೂತು ಬಿದ್ದು ನೇರಳೆ ಬಣ್ಣಕ್ಕೆ ತಿರುಗಿದ ಮೊಗ್ಗು ಕಂಡರೆ ಅದರೊಳಗೆ ಹುಳುವಿದೆ ಎಂದೇ ತಿಳಿದು ಕಿತ್ತು ಸುಟ್ಟುಬಿಡಿ, ಬುಡದಲ್ಲಿ ಎಸೆಯಬೇಡಿ.

ಪ್ರಶ್ನೆ: ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ನಮ್ಮಲ್ಲಿ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. ಕಳೆದ ಮಳೆಗಾಲದಲ್ಲಿ ಗಡ್ಡೆಗಳನ್ನು ಕಿತ್ತು ಬೇರೆ ಕಡೆ ನೆಟ್ಟೆವು. ಈ ಸಲ ಎಲೆ ಮಾತ್ರ ಬಂದಿದೆ. (ಬೆಳಗಾವಿ)

ಉತ್ತರ: ಎಲೆ ಹಸಿರಾಗಿರುವಾಗ ಗಡ್ಡೆಯನ್ನು ಕಿತ್ತದ್ದೇ ತಪ್ಪಾಯಿತು. ಆಫ್ರಿಕಾ ಮೂಲದ ಈ ಗಿಡ ಹೂ ಮುಗಿದ ಮೇಲೆ ಮಳೆಗಾಲವಿಡೀ ಎಲೆಯ ಮೂಲಕ ಆಹಾರ ಕೂಡಿಟ್ಟು, ಚಳಿಗಾಲದಲ್ಲಿ ಎಲೆ ಒಣಗಿಸಿ ಮಲಗುತ್ತದೆ. ಅಶ್ವಿನಿ, ಭರಣಿ ಮಳೆಯ ಹನಿ ಬಿದ್ದಾಗ ಏಳುವುದು ಆ ಗಂಟಿನ ಬಲದಿಂದಲೇ. ಈ ವರ್ಷ ಬಂದ ಎಲೆಗಳನ್ನು ತಾನಾಗಿ ಒಣಗುವವರೆಗೆ ಕೊಯ್ಯದೆ ಬಿಡಿ, ಡಿಸೆಂಬರ್‌ನಿಂದ ನೀರು ಹಾಕಬೇಡಿ, ಸ್ಥಳ ಬದಲಿಸಲೇಬೇಕಿದ್ದರೆ ಆ ನಿದ್ರೆಯ ಕಾಲದಲ್ಲಿ ಬದಲಿಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟದಲ್ಲಿರುವಂತೆ ನೆಡಿ. ಗಡ್ಡೆ ವಿಷಕಾರಿಯಾದ್ದರಿಂದ ಮಕ್ಕಳ ಮತ್ತು ದನಕರುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಾಳಿಗೆಯ ಮೇಲಿನ ಕುಂಡಗಳಲ್ಲಿ ಕಾಗದದ ಹೂ ಯುಗಾದಿಯಲ್ಲಿ ತುಂಬಿತ್ತು. ಬಿಸಿಲು ಹೆಚ್ಚಾಯಿತೆಂದು ನೀರು ಹೆಚ್ಚಿಸಿದ ಮೇಲೆ ಬಣ್ಣವೆಲ್ಲ ಹೋಗಿ ಹಸಿರಾಗಿದೆ. (ನವನಗರ, ಬಾಗಲಕೋಟೆ)

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ನಾವು ಹೂವೆನ್ನುವ ಆ ಬಣ್ಣದ ಕಾಗದಗಳು ಎಲೆಯ ರೂಪಾಂತರ. ನಿಜವಾದ ಹೂ ನಡುವಿನ ಬಿಳಿ ಕೊಳವೆಯಷ್ಟೇ. ಸ್ವಲ್ಪ ಬಾಯಾರಿದಾಗಲೇ ಈ ಗಿಡಕ್ಕೆ ಬಣ್ಣ ಬರುತ್ತದೆ. ಉದ್ದನೆಯ ಹಸಿರು ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಎಲೆ ಜೋತುಬೀಳುವವರೆಗೆ ಕಾದು ನೀರು ಕೊಡಿ; ಕುಂಡದ ತಳದ ತೂತು ಮುಚ್ಚಿಕೊಂಡಿದ್ದರೆ ಕಡ್ಡಿ ಹಾಕಿ ತೆರೆಯಿರಿ.