ಮಷೀನ್ ಆನ್ ಮಾಡಿದ ತಕ್ಷಣ ಧೂಳಿನ ಬ್ಲೋವರ್ ತಾನಾಗಿ ಶುರುವಾಗಬೇಕು: ವೈರಿಂಗ್ ಹೇಗೆ?

ನೀವು ಕೇಳಿದ್ದು ಇಷ್ಟು. ಕಲಬುರಗಿಯಲ್ಲಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಮರಗೆಲಸದ ಟೇಬಲ್ ಸಾ, ಪ್ಲೇನರ್, ರೂಟರ್ ಇವೆ. ಮರದ ಧೂಳು ಎಳೆಯಲು 2 ಎಚ್‌ಪಿ ಸಿಂಗಲ್ ಫೇಸ್ ಬ್ಲೋವರ್ ತಂದಿದ್ದೀರಿ. ಯಾವ ಮಷೀನ್ ಆನ್ ಮಾಡಿದರೂ ಬ್ಲೋವರ್ ತಾನೇ ಶುರುವಾಗಬೇಕು, ಅದಕ್ಕೆ 16 ಆಂಪ್ಸ್ ಸ್ಮಾರ್ಟ್ ಪ್ಲಗ್ ಸಾಕಾ ಅಂತ.

ಸಾಲದು. ನಾನು ಇದೇ ಊರಲ್ಲಿ ಮೋಟಾರ್ ವೈಂಡಿಂಗ್, ಸ್ಟಾರ್ಟರ್ ಪ್ಯಾನೆಲ್ ಕೆಲಸ ಮಾಡುವವನು. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಓಡುವಾಗ ಸುಮಾರು 10 ಆಂಪ್ಸ್ ಎಳೆಯುತ್ತದೆ, ಅದಕ್ಕೆ ಪ್ಲಗ್ ಮೇಲಿನ 16 ನೋಡಿ ಸಾಕು ಅನಿಸುತ್ತದೆ. ಆದರೆ ಸ್ಟಾರ್ಟ್ ಆಗುವ ಹೊತ್ತಿಗೆ ಅದರ ಐದಾರು ಪಟ್ಟು ಎಳೆಯುತ್ತದೆ. ಪ್ಲಗ್ ಒಳಗಿನ ರಿಲೇ ಅಷ್ಟು ಚಿಕ್ಕದು, ಕಿಡಿ ಹಾರಿ ಹಾರಿ ಒಂದು ದಿನ ಅದರ ಪಾಯಿಂಟ್‌ಗಳು ಅಂಟಿಕೊಳ್ಳುತ್ತವೆ. ಆಮೇಲೆ ಮೊಬೈಲ್‌ನಲ್ಲಿ ಆಫ್ ಅಂತ ತೋರಿಸುತ್ತದೆ, ಬ್ಲೋವರ್ ಓಡುತ್ತಲೇ ಇರುತ್ತದೆ.

ಬೇಕಾಗಿರುವುದು ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಮತ್ತು ಆಂಪ್ಸ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯಲ್ಲಿ ಇರುವ ಸಾಮಾನೇ. ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಆನ್‌ಲೈನ್ ಹುಡುಕಬೇಕಿಲ್ಲ. ಕಾಂಟ್ಯಾಕ್ಟರ್ 18 ಆಂಪ್ಸ್ ತಗೊಳ್ಳಿ, ಎಸಿ-3 ರೇಟಿಂಗ್ ಮಾತ್ರ ನೋಡಿ. ಎಸಿ-1 ಅಂತ ಬರೆದ ದೊಡ್ಡ ಸಂಖ್ಯೆ ಹೀಟರ್‌ಗೆ, ಮೋಟಾರ್‌ಗಲ್ಲ. ಕಾಂಟ್ಯಾಕ್ಟರನ್ನು ಎಳೆದು ಆನ್ ಮಾಡುವ ಕಾಯಿಲ್ 230 ವೋಲ್ಟ್ ಇರಲಿ. ಸೆನ್ಸರ್, ಟೈಮರ್, ಸ್ಮಾರ್ಟ್ ಪ್ಲಗ್ ಏನೇ ಹಾಕಿದರೂ ಅದು ಈ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡಬೇಕು. ಮೋಟಾರಿನ ಭಾರ ಕಾಂಟ್ಯಾಕ್ಟರ್ ಹೊರುತ್ತದೆ.

ಓವರ್‌ಲೋಡ್ ರಿಲೇಯಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅದು ಮೂರು ಫೇಸಿಗೆ ಮಾಡಿದ ರಿಲೇ, ಕರೆಂಟ್ ಹೋಗುವ ದಾರಿ (ಪೋಲ್) ಮೂರು ಇರುತ್ತವೆ. ಸಿಂಗಲ್ ಫೇಸ್ ಮೋಟಾರ್ ಅಂತ ಎರಡೇ ಪೋಲ್‌ಗೆ ವೈರ್ ಕೊಟ್ಟರೆ, ಮೂರನೇ ಫೇಸ್ ಹೋಗಿದೆ ಅಂದುಕೊಂಡು ಸುಮ್‌ಸುಮ್ನೆ ಟ್ರಿಪ್ ಆಗುತ್ತದೆ. ಹಾಗಾಗಿ ಫೇಸ್ ವೈರನ್ನು ಮೊದಲ ಪೋಲ್‌ನಿಂದ ಹೊರಗೆ ತಂದು ಮತ್ತೆ ಎರಡನೇ ಪೋಲ್‌ಗೆ ಹಾಕಿ ಮೋಟಾರ್‌ಗೆ ಕಳಿಸಿ. ನ್ಯೂಟ್ರಲ್ ಮೂರನೇ ಪೋಲ್‌ನಲ್ಲಿ ಹೋಗಲಿ. ಆಗ ಮೂರರಲ್ಲೂ ಒಂದೇ ಕರೆಂಟ್. ರಿಲೇಯ 95-96 ಪಾಯಿಂಟ್ (ಟ್ರಿಪ್ ಆದಾಗ ತೆರೆದುಕೊಳ್ಳುವುದು) ಕಾಯಿಲ್ ಸಾಲಿನಲ್ಲಿ ಬರಬೇಕು, ಇಲ್ಲಾಂದ್ರೆ ಟ್ರಿಪ್ ಆದರೂ ಮೋಟಾರ್ ನಿಲ್ಲುವುದಿಲ್ಲ. ಡಯಲ್ಲನ್ನು ಮೋಟಾರಿನ ನೇಮ್‌ಪ್ಲೇಟ್ ಮೇಲಿನ ಆಂಪ್ಸಿಗೆ ಇಡಿ. ಟ್ರಿಪ್ ಆಗ್ತಿದೆ ಅಂತ ಮೇಲಕ್ಕೆ ತಿರುಗಿಸಬೇಡಿ.

ಇನ್ನು ತಾನಾಗಿ ಆನ್ ಆಗುವ ವಿಷಯ. ಎಲ್ಲರೂ ಹೇಳುವುದು ಸಿಟಿ, ಅಂದರೆ ವೈರ್ ಸುತ್ತ ಹಾಕುವ ಬಳೆಯಂಥ ಸೆನ್ಸರ್, ಜೊತೆಗೆ ಒಂದು ಕರೆಂಟ್ ರಿಲೇ. ಮಷೀನ್ ಕರೆಂಟ್ ಎಳೆದ ಕೂಡಲೇ ಗೊತ್ತಾಗುತ್ತದೆ. ಬಳೆಯೊಳಗೆ ಫೇಸ್ ವೈರ್ ಒಂದೇ ಹೋಗಬೇಕು. ಕೇಬಲ್ ಪೂರ್ತಿ ತೂರಿಸಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ರೂಟರ್‌ಗೆ ಇದೇ ಒಳ್ಳೆಯದು.

ಆದರೆ ಟೇಬಲ್ ಸಾ, ಪ್ಲೇನರ್‌ಗೆ ನಾನಾದರೆ ಗೇಟ್ (ಆ ಮಷೀನಿನ ಧೂಳಿನ ಕೊಳವೆ ತೆರೆದು ಮುಚ್ಚುವ ಬಾಗಿಲು) ಮೇಲೆ ಮೈಕ್ರೋ ಸ್ವಿಚ್ ಹಾಕುತ್ತೇನೆ. ಕೊಳವೆಯ ಗೇಟನ್ನು ಕೈಯಲ್ಲಿ ಎಳೆದು ತೆರೆದರೆ ಸ್ವಿಚ್ ಒತ್ತುತ್ತದೆ, ಬ್ಲೋವರ್ ಶುರು. ಗೇಟ್ ತೆರೆಯಲು ಮರೆತು ಸಾ ಓಡಿಸಿದರೆ ಬ್ಲೋವರ್ ಸದ್ದೇ ಇರುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಸಿಟಿ ಹಾಕಿದರೆ ಬ್ಲೋವರ್ ಓಡುತ್ತಿರುತ್ತದೆ, ಗೇಟ್ ಮುಚ್ಚಿರುತ್ತದೆ, ಧೂಳೆಲ್ಲ ನಿಮ್ಮ ಮೂಗಿಗೆ. ಸರ್ವೋ ಮೋಟಾರ್ ಹಾಕಿ ಗೇಟನ್ನೂ ತಾನಾಗಿ ತೆರೆಸಬಹುದು. ಆದರೆ ಮರದ ಹಿಟ್ಟು ಸಂದಿಯಲ್ಲಿ ತುಂಬಿ ಗೇಟ್ ಬಿಗಿಯಾದಾಗ ಅಷ್ಟು ಚಿಕ್ಕ ಸರ್ವೋ ಎಳೆಯಲಾರದು. ಮೂರು ಮಷೀನಿಗೆ ಅಷ್ಟೆಲ್ಲ ಯಾಕೆ? ಗೇಟಿನ ಸ್ವಿಚ್‌ಗಳಿಗೆ 230 ವೋಲ್ಟ್ ಕೊಡಬೇಡಿ. 24 ವೋಲ್ಟ್ ಡಿಸಿ ಕೊಟ್ಟು ಎಲ್ಲವನ್ನೂ ಪ್ಯಾರಲಲ್ ಮಾಡಿ, ರೂಟರ್‌ನ ಕರೆಂಟ್ ರಿಲೇಯ ಪಾಯಿಂಟನ್ನೂ ಅದಕ್ಕೇ ಸೇರಿಸಿ, ಸ್ವಿಚ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಆನ್ ಇಡುವ ಒಂದು ಆಫ್ ಡಿಲೇ ಟೈಮರ್‌ಗೆ ತಂದುಬಿಡಿ. ಟೈಮರ್‌ನ ಪಾಯಿಂಟ್ ಮೂಲಕ 230 ವೋಲ್ಟ್ ಕಾಯಿಲ್‌ಗೆ.

ಆ ಟೈಮರ್ ಎಷ್ಟಕ್ಕೆ ಇಡಬೇಕು ಅನ್ನುವುದೇ ನನ್ನ ಪ್ರಕಾರ ಇಡೀ ಕೆಲಸದಲ್ಲಿ ದೊಡ್ಡ ವಿಷಯ. ಮಷೀನ್ ನಿಂತ 10 ಸೆಕೆಂಡಿಗೆ ಬ್ಲೋವರ್ ನಿಲ್ಲಲಿ, ಕೊಳವೆ ಖಾಲಿಯಾದರೆ ಸಾಕು ಅಂತ ಹೇಳುವವರು ಜಾಸ್ತಿ. ನಾನು 3 ನಿಮಿಷ ಅನ್ನುತ್ತೇನೆ. ಮರಗೆಲಸದಲ್ಲಿ ಒಂದು ಹಲಗೆ ಕೊಯ್ದು, ಅಳತೆ ಹಾಕಿ, ಮತ್ತೆ ಕೊಯ್ಯುತ್ತೀರಿ, ಅಲ್ವಾ? ಪ್ರತಿ ಸಲ ಬ್ಲೋವರ್ ನಿಂತು ಶುರುವಾದರೆ ಮೋಟಾರ್ ಶುರುವಾಗಲು ಬಲ ಕೊಡುವ ಸ್ಟಾರ್ಟ್ ಕಪಾಸಿಟರ್ ತಡೆಯುವುದಿಲ್ಲ. ಸಾಮಾನ್ಯವಾಗಿ ಅದನ್ನು ಮಾಡಿರುವುದೇ ಗಂಟೆಗೆ 20 ಸ್ಟಾರ್ಟ್, ಒಂದೊಂದು 3 ಸೆಕೆಂಡ್ ಅನ್ನುವ ಲೆಕ್ಕದಲ್ಲಿ. ಬ್ಲೋವರಿನ ಚಕ್ರ ಭಾರ, ಅದು ಪೂರ್ತಿ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ.

ಇದರ ಮೇಲೆ ನಮ್ಮ ಬೇಸಿಗೆಯ ವೋಲ್ಟೇಜ್. 230 ಬರಬೇಕಾದಲ್ಲಿ 180 ಬಂದರೆ ಮೋಟಾರಿನ ಎಳೆಯುವ ಬಲ ಶೇ 60ರ ಹತ್ತಿರಕ್ಕೆ ಇಳಿಯುತ್ತದೆ, ಯಾಕಂದ್ರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಮೋಟಾರ್ ಗುಂಯ್ ಅಂತ ಕೂರುತ್ತದೆ, ವೇಗ ಬರುವುದಿಲ್ಲ. ವೇಗ ಬರದಿದ್ದರೆ ಸ್ಟಾರ್ಟಿಂಗ್ ವೈಂಡಿಂಗನ್ನು ಲೈನಿನಿಂದ ಬಿಡಿಸುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಬಿಡುವುದಿಲ್ಲ, ಸ್ಟಾರ್ಟಿಂಗ್ ವೈಂಡಿಂಗ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಇಂಥ ಮೋಟಾರ್ ಬಿಚ್ಚಿದರೆ ನೋಡಿಯೇ ಹೇಳಬಹುದು: ರನ್ನಿಂಗ್ ವೈಂಡಿಂಗ್ ಇನ್ನೂ ತಾಮ್ರದ ಬಣ್ಣದಲ್ಲೇ ಇರುತ್ತದೆ, ಸ್ಟಾರ್ಟಿಂಗ್ ವೈಂಡಿಂಗ್ ಮಾತ್ರ ಇದ್ದಿಲು. ಕೆಲವು ಸಲ ಆ ಸ್ವಿಚ್ಚಿನ ಪಾಯಿಂಟ್ ಮಧ್ಯೆ ಮರದ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಹಾಗಾಗಿ ಪೂರ್ತಿ ಮುಚ್ಚಿದ ಬಾಡಿಯ ಮೋಟಾರೇ ಇರಲಿ. 190ಕ್ಕೆ ಕಟ್ ಆಗುವ, ವೋಲ್ಟೇಜ್ ಸರಿಯಾದ ಮೇಲೂ ಎರಡು ಮೂರು ನಿಮಿಷ ಕಾಯುವ ವೋಲ್ಟೇಜ್ ಪ್ರೊಟೆಕ್ಟರನ್ನು ಕಾಯಿಲ್ ಸಾಲಿನಲ್ಲಿ ಹಾಕಿ.

ಟೇಬಲ್ ಸಾಗೂ ಹಸಿರು-ಕೆಂಪು ಬಟನ್ ಇರುವ ಸ್ಟಾರ್ಟರ್ ಹಾಕಿಸಿ. ಕರೆಂಟ್ ಹೋಯಿತು, ನೀವು ಒಳಗೆ ಚಹಾ ಕುಡಿಯಲು ಹೋದಿರಿ, ಕರೆಂಟ್ ಬಂತು. ಸಾದಾ ಸ್ವಿಚ್ ಆನ್‌ನಲ್ಲೇ ಇದ್ದರೆ ಬ್ಲೇಡ್ ತಾನಾಗಿ ತಿರುಗುತ್ತದೆ. ಮಕ್ಕಳಿರುವ ಮನೆ ಅಂದರೆ ಇದನ್ನು ಬಿಡಲೇಬೇಡಿ.

ಬ್ಲೋವರ್‌ಗೆ ಬೇರೆಯೇ ಲೈನ್: 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಸ್ಟಾರ್ಟಿಂಗ್ ಕರೆಂಟಿಗೆ ಸುಮ್ನೆ ಬೀಳದ ಸಿ ಕರ್ವ್ ಎಂಸಿಬಿ, ಕರೆಂಟ್ ಸೋರಿದರೆ ಕಟ್ ಮಾಡುವ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಪ್ಯಾನೆಲ್ಲನ್ನು ತಗಡಿನ ಕೆಳಗೆ ಹೊಡೆಯಬೇಡಿ. ಸಾಮಾನ್ಯ ಮೋಟಾರುಗಳ ಲೆಕ್ಕವೇ 40 ಡಿಗ್ರಿ ಸೆಖೆಗೆ, ಎಂಸಿಬಿಯದು 30ಕ್ಕೆ. ಮೇ ತಿಂಗಳಲ್ಲಿ ನಿಮ್ಮ ಶೆಡ್ ಎಷ್ಟಿರುತ್ತದೆ ನಿಮಗೇ ಗೊತ್ತು. ಅರ್ಥಿಂಗ್ ಕೂಡ ನೋಡಿಕೊಳ್ಳಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡ್‌ನಿಂದ ದೂರ ಸರಿಯುತ್ತದೆ, ಆ ಗುಂಡಿಗೆ ಆಗಾಗ ನೀರು ಹಾಕಬೇಕು. ಸಾ, ಬ್ಲೋವರ್ ಎರಡೂ ಒಟ್ಟಿಗೆ ಓಡಿದರೆ ಮನೆಗೆ ಮಂಜೂರಾದ ಕಿಲೋವ್ಯಾಟ್ ಮೀರುತ್ತದಾ ಅಂತ ಜೆಸ್ಕಾಂ ಕರೆಂಟ್ ಬಿಲ್‌ನಲ್ಲಿ ನೋಡಿ. ಮೀರಿದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಿ.

ಕೊಳವೆ ಜೋಡಿಸುವ ಮೊದಲೇ ಬ್ಲೋವರನ್ನು ಓಡಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬಹಳ ಹೊತ್ತು ಬೇಡ. ಬಾಯಿ ಪೂರ್ತಿ ತೆರೆದಿದ್ದರೆ ಗಾಳಿ ಜಾಸ್ತಿ ಹೋಗುತ್ತದೆ, ಆಂಪ್ಸೂ ಜಾಸ್ತಿ. ಗೇಟ್ ಮುಚ್ಚಿದರೆ ಇಳಿಯುತ್ತದೆ. ಕೇಳಲು ಉಲ್ಟಾ ಅನಿಸುತ್ತದೆ, ಆದರೆ ಇಂಥ ಬ್ಲೋವರ್ ನಡೆಯುವುದೇ ಹಾಗೆ. ಎಲ್ಲ ಜೋಡಿಸಿ, ದೊಡ್ಡ ಗೇಟ್ ತೆರೆದಿಟ್ಟು ಕ್ಲಾಂಪ್ ಮೀಟರ್‌ನಲ್ಲಿ ಅಳೆಯಿರಿ. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಈ ಉತ್ತರ ಅವರಿಗೆ ತೋರಿಸಿ. ನಿಮ್ಮ ಬ್ಲೋವರ್, ಪ್ಲೇನರ್ ಎರಡರ ನೇಮ್‌ಪ್ಲೇಟ್ ಫೋಟೋ ಹಾಕಿದರೆ ಓವರ್‌ಲೋಡ್ ರಿಲೇ ಯಾವ ರೇಂಜ್ ತಗೊಳ್ಳಬೇಕು ಅಂತ ಹೇಳುತ್ತೇನೆ.